ತೂಕವಿಲ್ಲದ ಬೆಳಕಿಗೂ ಸೆಳೆತವಿದೆ

ಪ್ರಥಮ ಪಿಯುಸಿ ಭೌತವಿಜ್ಞಾನದಲ್ಲಿ ನ್ಯೂಟನ್ನನ ಗುರುತ್ವ ಸೂತ್ರ ಬರುತ್ತದೆ. ಎರಡು ವಸ್ತುಗಳ ದ್ರವ್ಯರಾಶಿಗಳನ್ನು ಗುಣಿಸಿ, ನಡುವಿನ ದೂರದ ವರ್ಗದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಿದರೆ ಅವು ಒಂದನ್ನೊಂದು ಎಷ್ಟು ಬಲದಿಂದ ಸೆಳೆಯುತ್ತವೆ ಎಂಬುದು ಗೊತ್ತಾಗುತ್ತದೆ. ದ್ವಿತೀಯ ಪಿಯುಸಿಯಲ್ಲಿ ಫೋಟಾನ್ ಪಾಠ. ಬೆಳಕು ಕಣಗಳ ರೂಪದಲ್ಲಿ ಬರುತ್ತದೆ, ಆ ಕಣಕ್ಕೆ ದ್ರವ್ಯರಾಶಿ ಇಲ್ಲ ಎಂದು ಅಲ್ಲಿ ಕಲಿಯುತ್ತೇವೆ. ಎರಡೂ ಪಾಠಗಳನ್ನು ಮನಸ್ಸಿಟ್ಟು ಓದಿದವರಿಗೆ ಒಂದು ಪ್ರಶ್ನೆ ಏಳಲೇಬೇಕು. ಸೂತ್ರದಲ್ಲಿ ದ್ರವ್ಯರಾಶಿಯ ಜಾಗಕ್ಕೆ ಸೊನ್ನೆ ಹಾಕಿದರೆ ಉತ್ತರವೂ ಸೊನ್ನೆ. ಹಾಗಾದರೆ ಬೆಳಕು ಯಾವುದನ್ನೂ ಸೆಳೆಯುವುದಿಲ್ಲವೇ?

ಶಿವಮೊಗ್ಗದ ವಿನೋಬನಗರದ ಯಾವುದೋ ಮನೆಪಾಠದಲ್ಲಿ ಹುಡುಗಿಯೊಬ್ಬಳು ಇದನ್ನು ಕೇಳಿದಾಗ 'ಅದು ಸಿಲಬಸ್‌ನಲ್ಲಿಲ್ಲ, ಬಿಡಮ್ಮ' ಎಂದುಬಿಟ್ಟರೆ ಒಳ್ಳೆಯ ಪ್ರಶ್ನೆಯೊಂದು ಅಲ್ಲೇ ಬಾಡಿಹೋಗುತ್ತದೆ. ಉತ್ತರ ಇದೆ, ಖಚಿತವಾಗಿಯೂ ಇದೆ. ಬೆಳಕು ಸೆಳೆಯುತ್ತದೆ. ಪಿಯುಸಿಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ಈ ಉತ್ತರದ ಬಹುಪಾಲನ್ನು ಅರ್ಥಮಾಡಿಕೊಳ್ಳಬಹುದು.

ಗುರುತ್ವದ ಮೂಲ ಯಾವುದು?

ನ್ಯೂಟನ್ನನ ಸೂತ್ರ ಗ್ರಹ, ಉಪಗ್ರಹ, ತೆಂಗಿನಕಾಯಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇವೆಲ್ಲ ಬೆಳಕಿನ ವೇಗಕ್ಕೆ ಹೋಲಿಸಿದರೆ ತೀರ ನಿಧಾನವಾಗಿ ಚಲಿಸುವಂಥವು. ಇವುಗಳಲ್ಲಿರುವ ಶಕ್ತಿಯ ಬಹುಪಾಲು ದ್ರವ್ಯರಾಶಿಯ ರೂಪದಲ್ಲಿಯೇ ಕೂತಿರುತ್ತದೆ. ಆದ್ದರಿಂದ ದ್ರವ್ಯರಾಶಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಉತ್ತರ ತಪ್ಪುವುದಿಲ್ಲ.

ಐನ್‌ಸ್ಟೈನ್ 1915ರ ನವೆಂಬರಿನಲ್ಲಿ ಮಂಡಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಲೆಕ್ಕದ ಪಟ್ಟಿ ದೊಡ್ಡದು. ಒಂದು ಜಾಗದಲ್ಲಿ ಎಷ್ಟು ಶಕ್ತಿ ಇದೆ, ಅದು ಯಾವ ಕಡೆಗೆ ಹರಿಯುತ್ತಿದೆ, ಎಷ್ಟು ಸಂವೇಗವನ್ನು ಹೊತ್ತಿದೆ, ಸುತ್ತಲಿನ ಮೇಲೆ ಎಷ್ಟು ಒತ್ತಡ ಹಾಕುತ್ತಿದೆ ಎಂಬುದೆಲ್ಲ ಸೇರಿ ಅಲ್ಲಿನ ಗುರುತ್ವವನ್ನು ತೀರ್ಮಾನಿಸುತ್ತವೆ. ದ್ರವ್ಯರಾಶಿ ಶಕ್ತಿಯ ಒಂದು ರೂಪವಾಗಿ ಈ ಪಟ್ಟಿಯೊಳಗೆ ಬರುತ್ತದೆ. ಫೋಟಾನಿಗೆ ದ್ರವ್ಯರಾಶಿ ಇಲ್ಲದಿದ್ದರೂ ಶಕ್ತಿ ಇದೆ. ಆ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು ಸಂವೇಗವೂ ಇದೆ. ಅದು ಒತ್ತಡವನ್ನೂ ಹಾಕುತ್ತದೆ. ಹಾಗಾಗಿ ಗುರುತ್ವದ ಲೆಕ್ಕದಿಂದ ಬೆಳಕನ್ನು ಹೊರಗಿಡಲು ಸಾಧ್ಯವೇ ಇಲ್ಲ.

ಶಕ್ತಿ ಯಾವ ರೂಪದಲ್ಲಿದ್ದರೂ ಈ ಮಾತು ಅನ್ವಯಿಸುತ್ತದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆಯಲು ಶುರುಮಾಡಿತು. ಅಂಥ ಕಬ್ಬಿಣ ಒಂದು ಟನ್ ತೆಗೆದುಕೊಂಡು ಪೂರ್ತಿ ಕರಗುವವರೆಗೆ ಕಾಯಿಸಿದರೆ, ಒಳಗೆ ಸೇರಿದ ಶಾಖದಿಂದ ಅದರ ದ್ರವ್ಯರಾಶಿ ಸುಮಾರು 14 ಮೈಕ್ರೋಗ್ರಾಂ ಹೆಚ್ಚುತ್ತದೆ. ಯಾವ ತಕ್ಕಡಿಯೂ ಟನ್ನಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸವನ್ನು ತೋರಿಸಲಾರದು. ಆದರೂ ಕರಗಿದ ಕಬ್ಬಿಣ ತಣ್ಣಗಿನ ಕಬ್ಬಿಣಕ್ಕಿಂತ ಅಷ್ಟು ಹೆಚ್ಚು ಸೆಳೆಯುತ್ತದೆ.

ಕನ್ನಡಿ ಪೆಟ್ಟಿಗೆಯ ತೂಕ

ಬೆಳಕಿಗೆ ತೂಕ ಹೇಗೆ ಬರುತ್ತದೆಂದು ನೋಡಲು ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳೋಣ. ಒಳಗಿನ ಆರೂ ಮುಖಗಳು ಬೆಳಕನ್ನು ಒಂದಿಷ್ಟೂ ಹೀರದ ಕನ್ನಡಿಗಳು. ಒಳಗೆ ಬೆಳಕು ತುಂಬಿ ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ತಕ್ಕಡಿಯ ಮೇಲೆ ಇಟ್ಟಿದ್ದೇವೆ.

ಫೋಟಾನುಗಳು ಮೇಲೆ ಕೆಳಗೆ ಪುಟಿಯುತ್ತಿರುತ್ತವೆ. ಮೇಲಿನ ಕನ್ನಡಿಗೆ ಬಡಿದಾಗ ಪೆಟ್ಟಿಗೆಯನ್ನು ಮೇಲಕ್ಕೆ ನೂಕುತ್ತವೆ, ಕೆಳಗಿನದಕ್ಕೆ ಬಡಿದಾಗ ಕೆಳಕ್ಕೆ. ಎರಡೂ ಸಮನಾಗಿದ್ದರೆ ತಕ್ಕಡಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಭೂಮಿಯ ಗುರುತ್ವದಲ್ಲಿ ಕೆಳಗಿಳಿಯುವ ಫೋಟಾನಿನ ಶಕ್ತಿ ತುಸು ಹೆಚ್ಚುತ್ತದೆ, ಮೇಲೇರುವುದರ ಶಕ್ತಿ ತುಸು ಕುಗ್ಗುತ್ತದೆ. ಹಾಗಾಗಿ ತಳಕ್ಕೆ ಬೀಳುವ ಪೆಟ್ಟು ಮೇಲಿನದಕ್ಕಿಂತ ಒಂದಿಷ್ಟು ಜೋರು. ಈ ವ್ಯತ್ಯಾಸವನ್ನೆಲ್ಲ ಕೂಡಿಸಿದರೆ, ಒಳಗಿನ ಬೆಳಕಿನ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ ಬರುವ ದ್ರವ್ಯರಾಶಿಯ ತೂಕವೇ ಸಿಗುತ್ತದೆ. ಒಂದೊಂದು ಫೋಟಾನಿಗೂ ದ್ರವ್ಯರಾಶಿ ಸೊನ್ನೆ. ಎಲ್ಲ ದಿಕ್ಕಿಗೂ ಓಡುವ ಫೋಟಾನುಗಳ ಗುಂಪಿಗೆ ಮಾತ್ರ ದ್ರವ್ಯರಾಶಿ ಇದೆ. ದ್ರವ್ಯರಾಶಿ ಬಿಡಿಬಿಡಿಯಾಗಿ ಕೂಡಿಸಿ ಸಿಗುವ ಮೊತ್ತವಲ್ಲ ಎಂಬ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಇಳಿಯುವ ಬೆಳಕಿನ ಶಕ್ತಿ ಹೆಚ್ಚುತ್ತದೆ ಎಂಬುದು ಊಹೆಯ ಮಾತಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಪೌಂಡ್ ಮತ್ತು ಗ್ಲೆನ್ ರೆಬ್ಕಾ ಕೇವಲ 22.5 ಮೀಟರ್ ಎತ್ತರದಲ್ಲಿ ಗಾಮಾ ಕಿರಣ ಹಾಯಿಸಿ, 1960ರಲ್ಲಿ ಇದನ್ನು ಅಳೆದು ತೋರಿಸಿದರು. ಆ ಎತ್ತರಕ್ಕೆ ಬರುವ ಬದಲಾವಣೆ ಒಂದು ಕೋಟಿ ಕೋಟಿಯಲ್ಲಿ ನಾಲ್ಕನೇ ಒಂದು ಪಾಲಿಗಿಂತಲೂ ಕಡಿಮೆ. ಅದು ಸಿಕ್ಕಿದ್ದು ಕಬ್ಬಿಣ-57 ಎಂಬ ಐಸೋಟೋಪಿನ ದೆಸೆಯಿಂದ. ಅದು ಹೊರಡಿಸುವ ಗಾಮಾ ಕಿರಣ ಅಷ್ಟು ಕರಾರುವಾಕ್ಕು. ಭದ್ರಾವತಿಯಲ್ಲಿ ಕರಗಿದ ಕಬ್ಬಿಣದಲ್ಲೂ ನೂರಕ್ಕೆ ಸುಮಾರು ಎರಡು ಪರಮಾಣು ಇದೇ ಜಾತಿಯವು.

ಸೂರ್ಯ ಎಳೆದರೆ ಬೆಳಕೂ ಎಳೆಯಬೇಕು

ಗುರುತ್ವ ಬೆಳಕನ್ನು ಎಳೆಯುತ್ತದೆ ಎಂದಾಯಿತು. ಬೆಳಕು ಬೇರೆಯದನ್ನು ಎಳೆಯುತ್ತದೆ ಎನ್ನುವುದಕ್ಕೆ ಆಧಾರವೇನು?

1919ರ ಮೇ 29ರ ಸಂಪೂರ್ಣ ಸೂರ್ಯಗ್ರಹಣದಲ್ಲಿ ಆರ್ಥರ್ ಎಡಿಂಗ್ಟನ್ ಪಶ್ಚಿಮ ಆಫ್ರಿಕಾ ಕರಾವಳಿಯಾಚೆಯ ಪ್ರಿನ್ಸಿಪೆ ದ್ವೀಪದಲ್ಲಿದ್ದರು, ಇನ್ನೊಂದು ತಂಡ ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿತ್ತು. ಸೂರ್ಯನ ಅಂಚಿನ ಪಕ್ಕದಿಂದ ಬರುವ ನಕ್ಷತ್ರದ ಬೆಳಕು ಬಾಗುವುದನ್ನು ಅವರು ಅಳೆದರು. ಫೋಟಾನಿನ ಶಕ್ತಿಯನ್ನು ದ್ರವ್ಯರಾಶಿಯಾಗಿ ಬದಲಿಸಿ ನ್ಯೂಟನ್ ಸೂತ್ರಕ್ಕೆ ಹಾಕಿದರೆ 0.87 ಆರ್ಕ್‌ಸೆಕೆಂಡ್ ಬಾಗಬೇಕು. ಐನ್‌ಸ್ಟೈನರ ಸಿದ್ಧಾಂತದ ಪ್ರಕಾರ ಅದರ ಇಮ್ಮಡಿ, 1.75 ಆರ್ಕ್‌ಸೆಕೆಂಡ್. ಅಳತೆ ಐನ್‌ಸ್ಟೈನರ ಪರವಾಗಿ ಬಂತು. ಆಮೇಲೆ ರೇಡಿಯೊ ದೂರದರ್ಶಕಗಳ ಅಳತೆಗಳು ಅದನ್ನು ಇನ್ನೂ ಬಹಳ ನಿಖರವಾಗಿ ಖಚಿತಪಡಿಸಿವೆ. ಹಳೆಯ ಸೂತ್ರಕ್ಕೆ ಶಕ್ತಿಯನ್ನು ತುರುಕಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ ಎಂಬ ಎಚ್ಚರಿಕೆಯೂ ಇದರಲ್ಲಿದೆ.

ಈಗ ಸಂವೇಗ ಸಂರಕ್ಷಣೆಯ ನಿಯಮ ನೆನಪಿಸಿಕೊಳ್ಳಿ. ಬಾಗಿದ ಬೆಳಕಿನ ದಿಕ್ಕು ಬದಲಾಗಿದೆ, ಎಂದರೆ ಅದರ ಸಂವೇಗ ಸೂರ್ಯನ ಕಡೆಗೆ ಒಂದಿಷ್ಟು ತಿರುಗಿದೆ. ಒಟ್ಟು ಸಂವೇಗ ಬದಲಾಗಕೂಡದು. ಆದ್ದರಿಂದ ಸೂರ್ಯ ಅಷ್ಟೇ ಸಂವೇಗವನ್ನು ಬೆಳಕಿನ ಕಡೆಗೆ ಪಡೆಯಲೇಬೇಕು. ಸೂರ್ಯನನ್ನು ಹಾಗೆ ಎಳೆದದ್ದು ಆ ಬೆಳಕಿನ ಗುರುತ್ವ. ಬೆಳಕು ಬಾಗುವುದನ್ನು ಒಪ್ಪಿ, ಬೆಳಕು ಸೆಳೆಯುವುದನ್ನು ಒಪ್ಪದಿದ್ದರೆ ಭೌತವಿಜ್ಞಾನದ ಅತ್ಯಂತ ಗಟ್ಟಿ ನಿಯಮವೇ ಮುರಿದುಬೀಳುತ್ತದೆ.

ಮೂವತ್ತು-ನಲವತ್ತರ ಸೈಟಿನ ಮೇಲೆ ಎಷ್ಟು ಬೆಳಕು?

ಸೆಳೆತ ಇದ್ದರೂ ನಮ್ಮ ಅನುಭವಕ್ಕೆ ಏಕೆ ಬರುವುದಿಲ್ಲ ಎಂಬುದನ್ನು ವಿನೋಬನಗರದ ಒಂದು ತಾರಸಿಯ ಮೇಲೆಯೇ ಲೆಕ್ಕ ಹಾಕಬಹುದು. ಶಿವಮೊಗ್ಗ ಇರುವುದು ಸುಮಾರು 13.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಶೂನ್ಯ ನೆರಳಿನ ದಿನ, ಮಧ್ಯಾಹ್ನದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಮೋಡವಿಲ್ಲದಿದ್ದರೆ ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಬಿಸಿಲು. ಮೂವತ್ತು-ನಲವತ್ತರ ಸೈಟು ಎಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರ್. ಅದರ ಮೇಲೆ ಸುರಿಯುತ್ತಿರುವುದು 111 ಕಿಲೋವಾಟ್ ಬೆಳಕು.

ಒಂದು ಗಂಟೆ ಹೀಗೆ ಸುರಿದ ಬೆಳಕಿನ ಶಕ್ತಿಯನ್ನು ದ್ರವ್ಯರಾಶಿಯ ಲೆಕ್ಕಕ್ಕೆ ತಂದರೆ ನಾಲ್ಕೂವರೆ ಮೈಕ್ರೋಗ್ರಾಂ ಆಗುತ್ತದೆ. ಆ ತಾರಸಿಯ ಮೇಲಿನ ಒಂದು ಘನ ಮೀಟರ್ ಜಾಗದಲ್ಲಿ ಯಾವುದೇ ಕ್ಷಣದಲ್ಲಿ ಇರುವ ನೇರ ಬಿಸಿಲು ಸುಮಾರು 700 ಆಮ್ಲಜನಕದ ಅಣುಗಳಿಗೆ ಸಮ. ಅದೇ ಘನ ಮೀಟರಿನಲ್ಲಿರುವ ಗಾಳಿಯ ಅಣುಗಳ ಸಂಖ್ಯೆ ಬರೆಯಬೇಕಾದರೆ 25ರ ಮುಂದೆ 24 ಸೊನ್ನೆ ಹಾಕಬೇಕು. ಆ ಬಿಸಿಲೆಲ್ಲವನ್ನೂ ತಾರಸಿ ಹೀರಿಕೊಂಡರೆ ಬೀಳುವ ಒತ್ತಡ ಸುಮಾರು 38 ಮಿಲಿಗ್ರಾಂ ತೂಕದಷ್ಟು, ಒಂದೆರಡು ಅಕ್ಕಿ ಕಾಳಿನ ಭಾರ.

ವಿದ್ಯುತ್ತಿನ ಕಡೆಯಿಂದಲೂ ನೋಡೋಣ. ನಮ್ಮ ಜಿಲ್ಲೆಯ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದು ಒಂದು ನಿಮಿಷವೂ ನಿಲ್ಲದೆ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದು, ಬಂದ ವಿದ್ಯುತ್ತೆಲ್ಲ ಬೆಳಕಾಗಿ ಬದಲಾಯಿತು ಎಂದುಕೊಳ್ಳಿ. ಆ ಒಂದು ವರ್ಷದ ಬೆಳಕಿಗೆಲ್ಲ ಸೇರಿ ಸಿಗುವ ದ್ರವ್ಯರಾಶಿ 363 ಗ್ರಾಂ. ಇಡೀ ಭೂಮಿಯ ಮೇಲೆ ಬೀಳುವ ಬಿಸಿಲನ್ನು ಹಿಡಿದರೂ ಸೆಕೆಂಡಿಗೆ ಎರಡು ಕಿಲೋ ದಾಟುವುದಿಲ್ಲ. ಭೂಮಿ ಬಹುತೇಕ ಅಷ್ಟನ್ನೇ ಆಕಾಶಕ್ಕೆ ವಾಪಸು ಕೊಡುತ್ತದೆ.

ಬೆಳಕಿನ ಶಕ್ತಿಯನ್ನು ದ್ರವ್ಯರಾಶಿಗೆ ತರಲು ಬೆಳಕಿನ ವೇಗದ ವರ್ಗದಿಂದ, ಎಂದರೆ ಒಂಬತ್ತರ ಮುಂದೆ 16 ಸೊನ್ನೆಗಳ ಸಂಖ್ಯೆಯಿಂದ ಭಾಗಿಸಬೇಕು. ಗುರುತ್ವವೋ ಮೊದಲೇ ದುರ್ಬಲ ಬಲ. ಎರಡೂ ಸೇರಿದ್ದರಿಂದ, ಬೆಳಕಿನ ಕಿರಣವೊಂದರ ಸೆಳೆತವನ್ನು ಪ್ರಯೋಗಾಲಯದಲ್ಲಿ ನೇರವಾಗಿ ಅಳೆಯಲು ಇದುವರೆಗೆ ಆಗಿಲ್ಲ. ಅದಕ್ಕೆ ಆಕಾಶವನ್ನೇ ನೋಡಬೇಕು.

ಬೆಂಗಳೂರಿನಲ್ಲಿ ಅಚ್ಚಾದ ಉತ್ತರ

ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ದ್ರವ್ಯರಾಶಿಯನ್ನು ಬೆಳಕಾಗಿಸಿ ಹೊರಹಾಕುತ್ತಾನೆ. ಹೀಗೆ ಹೊರಟ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡ್ ಬೇಕು. ಎಂದರೆ ಸೂರ್ಯನಿಗೂ ಭೂಮಿಗೂ ನಡುವಿನ ಗೋಳದಲ್ಲಿ ಯಾವಾಗಲೂ 200 ಕೋಟಿ ಟನ್ನಿಗೂ ಹೆಚ್ಚು ಬೆಳಕು ದಾರಿಯಲ್ಲಿರುತ್ತದೆ. ಈ ಬೆಳಕು ಸೂರ್ಯನಿಂದ ಹೊರಟಾಗಿದೆ, ನಮ್ಮನ್ನು ಇನ್ನೂ ದಾಟಿಲ್ಲ. ಇದರ ಸೆಳೆತ ಯಾರ ಲೆಕ್ಕಕ್ಕೆ?

ಕಾರ್ಲ್ ಶ್ವಾರ್ಜ್‌ಶಿಲ್ಡ್ 1916ರಲ್ಲಿ ಕೊಟ್ಟ ಪ್ರಸಿದ್ಧ ಪರಿಹಾರದಲ್ಲಿ ನಕ್ಷತ್ರದ ಹೊರಗೆಲ್ಲ ಬರಿದು. ನಿಜವಾದ ನಕ್ಷತ್ರದ ಹೊರಗೆ ಅದರದೇ ಬೆಳಕು ತುಂಬಿ ಹರಿಯುತ್ತಿರುತ್ತದೆ, ಆ ಬೆಳಕಿಗೂ ಗುರುತ್ವ ಇರುತ್ತದೆ. ಈ ಸಮಸ್ಯೆಯನ್ನು ಬಿಡಿಸಿದವರು ಗುಜರಾತಿನ ಪ್ರಹ್ಲಾದ ಚುನಿಲಾಲ್ ವೈದ್ಯ. 1942ರಲ್ಲಿ ಅವರು ಕಾಶಿಗೆ ಹೋಗಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ವಿ.ವಿ. ನಾರ್ಳೀಕರ್ ಅವರ ಬಳಿ ಸಂಶೋಧನೆಗೆ ಕೂತರು. ಬೆಳಗುವ ನಕ್ಷತ್ರದ ಹೊರಗಿನ ಗುರುತ್ವ ಹೇಗಿರುತ್ತದೆ ಎಂಬ ಅವರ ಉತ್ತರ 1943ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು 25. ಎರಡನೇ ಮಹಾಯುದ್ಧದ ನಡುವೆ, ನಮ್ಮದೇ ನಾಡಿನ ಪತ್ರಿಕೆಯೊಂದರಲ್ಲಿ ಬಂದ ಆ ಪುಟ್ಟ ಲೇಖನದ ಬೆಲೆ ಜಗತ್ತಿಗೆ ಸರಿಯಾಗಿ ತಿಳಿದದ್ದು 1960ರ ದಶಕದಲ್ಲಿ, ಅಪಾರ ಶಕ್ತಿ ಹೊರಸೂಸುವ ಕ್ವೇಸಾರ್‌ಗಳು ಪತ್ತೆಯಾದ ಮೇಲೆ. ಇಂದು ಕಪ್ಪುಕುಳಿಗಳನ್ನು ಅಭ್ಯಾಸ ಮಾಡುವವರೆಲ್ಲ 'ವೈದ್ಯ ಪರಿಹಾರ'ವನ್ನು ಬಲ್ಲರು.

ಅದರ ಸಾರ ಇಷ್ಟು. ಹೊರಹೊಮ್ಮಿದ ಬೆಳಕಿನ ಪದರ ನಿಮ್ಮನ್ನು ದಾಟುವ ತನಕ ಅದರ ಸೆಳೆತ ನಕ್ಷತ್ರದ ಸೆಳೆತದ ಜೊತೆಗೇ ಸೇರಿರುತ್ತದೆ. ದಾಟಿದ ಕ್ಷಣದಿಂದ ನಕ್ಷತ್ರದ ದ್ರವ್ಯರಾಶಿ ನಿಮ್ಮ ಪಾಲಿಗೆ ಅಷ್ಟು ಕಡಿಮೆ. ಭೂಮಿಯ ಆಚೆಗೆ ದಾಟಿಹೋಗುವ ಬೆಳಕು ಹೀಗೆ ಸೂರ್ಯನ ಹಿಡಿತವನ್ನು ಸಡಿಲಿಸುತ್ತಾ ಹೋಗುತ್ತದೆ. ಬೆಳಕಿನ ನಷ್ಟ ಒಂದರಿಂದಲೇ ಭೂಮಿಯ ಕಕ್ಷೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಹಿಗ್ಗುತ್ತದೆ. ಬುಧನನ್ನು ಸುತ್ತಿದ ನಾಸಾದ ಮೆಸೆಂಜರ್ ನೌಕೆಯ ಮಾಹಿತಿಯನ್ನು ವಿಶ್ಲೇಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂರ್ಯನ ಸೆಳೆತ ಇಳಿಯುತ್ತಿರುವ ಪ್ರಮಾಣ ಈ ಲೆಕ್ಕಕ್ಕೆ ಹೊಂದುವಂತೆಯೇ ಕಂಡಿದೆ.

ಜೊತೆಗೆ ಓಡುವ ಕಿರಣ, ಎದುರು ಬರುವ ಕಿರಣ

ಬೆಳಕಿನ ಗುರುತ್ವಕ್ಕೆ ತನ್ನದೇ ಗುಣಗಳಿವೆ. ರಿಚರ್ಡ್ ಟೋಲ್ಮನ್, ಪಾಲ್ ಎರೆನ್‌ಫೆಸ್ಟ್ ಮತ್ತು ಬೋರಿಸ್ ಪೊಡೊಲ್‌ಸ್ಕಿ 1931ರಲ್ಲಿ ಇವನ್ನು ಲೆಕ್ಕಹಾಕಿ ತೋರಿಸಿದರು. ಬೆಳಕಿನ ಕಿರಣದ ಪಕ್ಕದಲ್ಲಿ ನಿಂತಿರುವ ಕಣವೊಂದು, ಅಷ್ಟೇ ಶಕ್ತಿಗೆ ಸಮನಾದ ದ್ರವ್ಯದ ಸರಳಿನ ಪಕ್ಕದಲ್ಲಿ ಅನುಭವಿಸುವುದಕ್ಕಿಂತ ಎರಡು ಪಟ್ಟು ಸೆಳೆತವನ್ನು ಅನುಭವಿಸುತ್ತದೆ. ಎದುರುಬದುರಾಗಿ ಓಡುವ ಎರಡು ಕಿರಣಗಳು ಒಂದನ್ನೊಂದು ಸೆಳೆಯುತ್ತವೆ. ಒಂದೇ ದಿಕ್ಕಿಗೆ ಸಮಾನಾಂತರವಾಗಿ ಓಡುವ ಎರಡು ಕಿರಣಗಳ ನಡುವೆ ಮಾತ್ರ ಸೆಳೆತವೇ ಇಲ್ಲ. ಶಕ್ತಿಯ ಇರುವಿಕೆಯಿಂದ ಬರುವ ಸೆಳೆತವನ್ನು ಆ ಶಕ್ತಿಯ ಹರಿವಿನಿಂದ ಬರುವ ಪರಿಣಾಮ ಪೂರ್ತಿ ರದ್ದುಮಾಡಿಬಿಡುತ್ತದೆ. ಲೇಸರ್ ಕಿರಣ ಎಷ್ಟೇ ಪ್ರಬಲವಾಗಿದ್ದರೂ ತನ್ನ ಗುರುತ್ವದಿಂದಲೇ ಕುಗ್ಗಿ ಒಂದಾಗದಿರುವುದಕ್ಕೆ ಇದೇ ಕಾರಣ. ದ್ರವ್ಯರಾಶಿಯ ಜೊತೆಗೆ ಸಂವೇಗ, ಒತ್ತಡಗಳೂ ಗುರುತ್ವದ ಲೆಕ್ಕಕ್ಕೆ ಬರುತ್ತವೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಬೆಳಕೇ ವಿಶ್ವವನ್ನು ಆಳಿದ ಕಾಲ

ಇಂದಿನ ವಿಶ್ವದಲ್ಲಿ ಬೆಳಕಿನ ಪಾಲು ನಗಣ್ಯ. ಮಹಾಸ್ಫೋಟದಿಂದ ಉಳಿದುಬಂದ ಹಿನ್ನೆಲೆ ವಿಕಿರಣದ ಫೋಟಾನುಗಳು ಬಾಹ್ಯಾಕಾಶದ ಪ್ರತಿ ಘನ ಸೆಂಟಿಮೀಟರಿನಲ್ಲೂ ಸುಮಾರು 410 ಇವೆ. ಆದರೆ ಅವುಗಳ ಶಕ್ತಿ ವಿಶ್ವದ ಒಟ್ಟು ಶಕ್ತಿಯ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲ. ಹಿಂದೆ ಹೀಗಿರಲಿಲ್ಲ.

ವಿಶ್ವ ಎರಡು ಪಟ್ಟು ಹಿಗ್ಗಿದರೆ ಅದರ ಗಾತ್ರ ಎಂಟು ಪಟ್ಟಾಗುತ್ತದೆ, ದ್ರವ್ಯದ ಸಾಂದ್ರತೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಕಿನ ವಿಷಯದಲ್ಲಿ ಇನ್ನೊಂದು ಇಳಿಕೆ ಸೇರುತ್ತದೆ. ಫೋಟಾನಿನ ತರಂಗಾಂತರವೂ ಎರಡು ಪಟ್ಟು ಹಿಗ್ಗಿ, ಅದರ ಶಕ್ತಿ ಅರ್ಧವಾಗುತ್ತದೆ. ಹಾಗಾಗಿ ಬೆಳಕಿನ ಸಾಂದ್ರತೆ ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಇದನ್ನೇ ಹಿಂದಕ್ಕೆ ಓಡಿಸಿದರೆ, ಕಾಲದಲ್ಲಿ ಹಿಂದೆ ಹೋದಷ್ಟೂ ಬೆಳಕಿನ ಪಾಲು ಏರುತ್ತದೆ. ಮಹಾಸ್ಫೋಟದ ನಂತರದ ಮೊದಲ ಸುಮಾರು 50,000 ವರ್ಷ ವಿಶ್ವದ ಗುರುತ್ವವನ್ನು ನಡೆಸಿದ್ದು ಬೆಳಕು ಮತ್ತು ಬೆಳಕಿನಂತೆಯೇ ಓಡುತ್ತಿದ್ದ ನ್ಯೂಟ್ರಿನೋಗಳಂಥ ಹಗುರ ಕಣಗಳು.

ಅದಕ್ಕೆ ಸಾಕ್ಷಿ ಹೀಲಿಯಂ. ಮೊದಲ ಕೆಲವು ಸೆಕೆಂಡುಗಳಲ್ಲಿ ನ್ಯೂಟ್ರಾನುಗಳು ಪ್ರೋಟಾನುಗಳಾಗಿ ಬದಲಾಗುತ್ತಿದ್ದವು. ವಿಶ್ವ ಎಷ್ಟು ಬೇಗ ಹಿಗ್ಗಿ ತಣಿಯಿತು ಎಂಬುದರ ಮೇಲೆ ಎಷ್ಟು ನ್ಯೂಟ್ರಾನುಗಳು ಉಳಿದವು ಎಂಬುದು ನಿರ್ಧಾರವಾಯಿತು. ಹಿಗ್ಗುವ ವೇಗಕ್ಕೂ ವಿಶ್ವದ ಸಾಂದ್ರತೆಗೂ ಇರುವ ನಂಟನ್ನು ಐನ್‌ಸ್ಟೈನರ ಸಮೀಕರಣವೇ ಹೇಳುತ್ತದೆ. ಬೆಳಕಿನ ಗುರುತ್ವವನ್ನೂ ಸೇರಿಸಿ ಲೆಕ್ಕ ಹಾಕಿದರೆ ಏಳು ಪ್ರೋಟಾನಿಗೆ ಒಂದು ನ್ಯೂಟ್ರಾನ್ ಉಳಿಯುತ್ತದೆ. ಅವು ಕೂಡಿ ಹೀಲಿಯಂ ಆದರೆ ವಿಶ್ವದ ಸಾಮಾನ್ಯ ದ್ರವ್ಯದ ನಾಲ್ಕನೇ ಒಂದು ಭಾಗ ಹೀಲಿಯಂ ಇರಬೇಕು. ಹಳೆಯ, ಕಲಬೆರಕೆಯಾಗದ ಅನಿಲ ಮೋಡಗಳಲ್ಲಿ ಅಳೆದಾಗ ಸಿಗುವುದೂ ಸುಮಾರು ಅಷ್ಟೇ. ಬೆಳಕು ಸೆಳೆಯದೆ ಇದ್ದಿದ್ದರೆ ವಿಶ್ವ ನಿಧಾನವಾಗಿ ಹಿಗ್ಗಿ, ನ್ಯೂಟ್ರಾನುಗಳು ಇನ್ನಷ್ಟು ಕರಗಿ, ಹೀಲಿಯಂ ಬಹಳ ಕಡಿಮೆಯಾಗುತ್ತಿತ್ತು.

ಗುರುತ್ವದ ಅಲೆಗಳೂ ಹೀಗೆಯೇ

ದ್ರವ್ಯರಾಶಿ ಇಲ್ಲದೆ ಶಕ್ತಿ ಹೊತ್ತೊಯ್ಯುವುದು ಬೆಳಕೊಂದೇ ಅಲ್ಲ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ, ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ ಸಿ.ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯೊಂದನ್ನು ಕದಡಿದರೆ ಅದು ಗುರುತ್ವದ ಅಲೆಗಳನ್ನು ಹೊರಡಿಸುತ್ತಾ ತನಗೇ ವಿಶಿಷ್ಟವಾದ ರೀತಿಯಲ್ಲಿ ಮಿಡಿದು ಶಾಂತವಾಗುತ್ತದೆ ಎಂದು 1970ರಲ್ಲಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳು ಮೊದಲ ಬಾರಿ ಗುರುತ್ವದ ಅಲೆಯನ್ನು ಹಿಡಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಕೂಡಿ ಉಳಿದದ್ದು ಸುಮಾರು 62 ಪಟ್ಟು. ಮಿಕ್ಕ ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಗಳಾಗಿ ಹೊರಟುಹೋಗಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ವಿಶ್ವೇಶ್ವರ ಅವರು 2017ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲು ಈ ಸುದ್ದಿಯನ್ನು ಕೇಳಿದ್ದರು.

ತರಗತಿಗೆ ಇಷ್ಟು ಸಾಕು

ಪಿಯುಸಿ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಮೂರು ಮಾತು. ನ್ಯೂಟನ್ ಸೂತ್ರ ಬೆಳಕಿಗಿಂತ ಬಹಳ ನಿಧಾನವಾಗಿ ಚಲಿಸುವ, ದ್ರವ್ಯರಾಶಿ ಇರುವ ವಸ್ತುಗಳಿಗೆ ಸೇರಿದ್ದು, ಅಲ್ಲಿಗೆ ಫೋಟಾನನ್ನು ಎಳೆತರಬಾರದು. ಗುರುತ್ವದ ಮೂಲ ಶಕ್ತಿ, ಸಂವೇಗ ಮತ್ತು ಒತ್ತಡ, ಇವು ಮೂರೂ ಬೆಳಕಿಗೆ ಇವೆ. ಫೋಟಾನ್ ಒಂಟಿಯಾಗಿದ್ದಾಗ ದ್ರವ್ಯರಾಶಿ ಇಲ್ಲದಿದ್ದರೂ, ಪೆಟ್ಟಿಗೆಯಲ್ಲಿ ಕೂಡಿಟ್ಟ ಬೆಳಕಿಗೆ ದ್ರವ್ಯರಾಶಿ ಇದೆ.

ಶಿಕ್ಷಕರಲ್ಲಿ ಒಂದು ಮನವಿ. ಗುರುತ್ವದ ಪಾಠ ಮುಗಿಸುವಾಗ ಐದು ನಿಮಿಷ ಮೀಸಲಿಟ್ಟು ಕನ್ನಡಿ ಪೆಟ್ಟಿಗೆಯ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ, ವೈದ್ಯ ಮತ್ತು ವಿಶ್ವೇಶ್ವರ ಅವರ ಹೆಸರು ಹೇಳಿ. ಪಠ್ಯದಲ್ಲಿ ಇಲ್ಲದ ಪ್ರಶ್ನೆ ಕೇಳಿದ ಮಗುವಿಗೆ ಪಠ್ಯದ ಭೌತವಿಜ್ಞಾನದಿಂದಲೇ ಉತ್ತರ ಕೊಡಲು ಸಾಧ್ಯವಿದೆ. ದ್ರವ್ಯರಾಶಿ ಇಲ್ಲದ್ದಕ್ಕೆ ಸೆಳೆತ ಇಲ್ಲ ಎಂದು ಮಾತ್ರ ನೋಟ್ಸಿನಲ್ಲಿ ಬರೆಸಬೇಡಿ, ಅದು ತಪ್ಪು.